ಪುಟ್ಟ ರೈಲಿಗೂ ಬೇಕು ಹಳೆಯ ವೇಳಾಪಟ್ಟಿ

ಬೆಂಗಳೂರು–ಮೈಸೂರು ನಡುವಿನ ಹಳೆಯ ಮೀಟರ್‌ಗೇಜ್ ಹಾದಿಯನ್ನು ಮನೆಯ ಕೋಣೆಯಲ್ಲಿ ಪುಟ್ಟ ಮಾದರಿಯಾಗಿ ಕಟ್ಟಹೊರಟವರಿಗೆ ಮೊದಲ ತೊಡಕು ಲೆಕ್ಕದ್ದು. ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವ 87ರಲ್ಲಿ ಒಂದು ಪ್ರಮಾಣಕ್ಕೆ ಇಳಿಸಿದರೂ ಸುಮಾರು 138 ಕಿಲೋಮೀಟರಿನ ಆ ಹಾದಿಗೆ ಒಂದೂವರೆ ಕಿಲೋಮೀಟರ್ ಹಳಿ ಬೇಕು! ದೂರವನ್ನು ಮೊಟಕುಗೊಳಿಸದೆ ಗತ್ಯಂತರವಿಲ್ಲ. ಆದರೆ ಗಾಡಿ ನಡೆಸುತ್ತಿದ್ದ ಕ್ರಮವನ್ನು ಮೊಟಕುಗೊಳಿಸಿದರೆ ಅದು ಬರೀ ಆಟಿಕೆ.

ಆ ಕ್ರಮ ಪ್ರಯಾಣಿಕರ ವೇಳಾಪಟ್ಟಿಯಲ್ಲಿ ಸಿಗದು. ಅದರಲ್ಲಿ ಗೂಡ್ಸ್ ಗಾಡಿಗಳ ಸುದ್ದಿಯೇ ಇಲ್ಲ. ಸಿಬ್ಬಂದಿಗೆಂದೇ ಅಚ್ಚಾಗುವ ‘ವರ್ಕಿಂಗ್ ಟೈಮ್ ಟೇಬಲ್’ ಬೇರೆ. ಎಲ್ಲಿ ಕ್ರಾಸಿಂಗ್, ಎಲ್ಲಿ ವೇಗ ತಗ್ಗಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಒಂಟಿ ಹಳಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ಗಾಡಿ. ಅದಕ್ಕೆ ಟೋಕನ್ ಪದ್ಧತಿ. ಟೋಕನ್ ಕೈಗೆ ಬಾರದೆ ಡ್ರೈವರ್ ಮುಂದುವರಿಯುವಂತಿಲ್ಲ. ನಿಲ್ಲದೆ ಸಾಗುವ ಗಾಡಿಗೆ ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನು ಎತ್ತಿ ಹಿಡಿಯುತ್ತಿದ್ದರು. ಎಂಜಿನ್ನಿನಿಂದ ತೋಳು ಚಾಚಿ ಸೆಳೆದುಕೊಳ್ಳುತ್ತಿದ್ದರು. ನನಗಂತೂ ಒಂಟಿ ಹಳಿಯ ಸೊಗಸೆಲ್ಲ ಕ್ರಾಸಿಂಗಿಗೆ ಕಾಯುವುದರಲ್ಲೇ ಇದೆ ಎನಿಸುತ್ತದೆ. (ಮದ್ದೂರು ವಡೆ ಮಾರುವವರೂ ಒಪ್ಪಿಯಾರು.)

1990ರ ದಶಕದಲ್ಲಿ ಹಾದಿ ಬ್ರಾಡ್‌ಗೇಜ್ ಆಯಿತು. ಈಗ ಜೋಡಿ ಹಳಿ. ಸ್ಥಳಕ್ಕೆ ಹೋಗಿ ನೋಡಿದರೆ ಹಳೆಯ ಲೂಪ್ ಹಳಿಗಳ ಲೆಕ್ಕ ಸಿಗುವುದು ಕಷ್ಟ. ಹೊಸ ಪಟ್ಟಿ ಬಂದರೆ ಹಳೆಯದು ರದ್ದಿ. ಮೀಟರ್‌ಗೇಜಿನ ವೈಪಿ ಉಗಿ ಎಂಜಿನ್ನುಗಳ ಫೋಟೋಗಳೇನೋ ಬೇಕಾದಷ್ಟಿವೆ. ಗಾಡಿ ಎಷ್ಟು ಹೊತ್ತು, ಯಾವುದಕ್ಕಾಗಿ ನಿಂತಿತ್ತೆಂದು ಫೋಟೋ ಹೇಳದು. ಅದನ್ನು ಬಲ್ಲವರು ನಿವೃತ್ತ ಗಾರ್ಡುಗಳು, ಸ್ಟೇಷನ್ ಮಾಸ್ತರರು. ಅವರೆಲ್ಲ ಈಗ ಮುದುಕರು. ಅಂಥವರು ಸಿಕ್ಕಾಗ ಎಂಜಿನ್ನಿನ ಬಣ್ಣವನ್ನು ಆಮೇಲೆ ವಿಚಾರಿಸಿ. ‘ಯಾವ ಗಾಡಿಗಾಗಿ ಎಲ್ಲಿ ಕಾಯುತ್ತಿದ್ದಿರಿ?’ ಎಂದು ಮೊದಲು ಕೇಳಿ.