ಮೂರು ಹಲಗೆಗಳಲ್ಲಿ ಒಂದು ಹೊಳೆ

ಈಚೆಗೆ ಹೊಸ ಮನೆಗಳ ಚಾವಡಿಯಲ್ಲಿ ಒಂದೇ ನೋಟದ ಛಾಯಾಚಿತ್ರವನ್ನು ಮೂರು ಹಲಗೆಗಳಾಗಿ ಸೀಳಿ ಸಾಲಾಗಿ ತೂಗಹಾಕುವ ರೂಢಿ ಬೆಳೆದಿದೆ. ಅಂಗಡಿಯಿಂದ ತಂದ ಆ ಚಿತ್ರಗಳಲ್ಲಿ ಕಾಣುವುದು ಹೆಚ್ಚಾಗಿ ನಾವಾರೂ ಕಾಲಿಡದ ಹಿಮದ ಬೆಟ್ಟ, ಹೆಸರು ತಿಳಿಯದ ಸರೋವರ. ಗೋಡೆ ನಮ್ಮದಾದ ಮೇಲೆ ನೋಟವೂ ನಮ್ಮದೇ ಏಕಾಗಬಾರದು?

ಮೂರು ಹಲಗೆಯ ಚಿತ್ರ ಹೊಸತೇನಲ್ಲ. ಯುರೋಪಿನ ಇಗರ್ಜಿಗಳಲ್ಲಿ ನಡುವಣ ಹಲಗೆಗೆ ಎರಡು ರೆಕ್ಕೆಗಳನ್ನು ಜೋಡಿಸಿ ಬಾಗಿಲಿನಂತೆ ಮುಚ್ಚಿ ತೆರೆಯುತ್ತಿದ್ದರು. 1500ರ ಸುಮಾರಿಗೆ ಬಾಷ್ ಎಂಬ ಕಲಾವಿದ ಬರೆದ ಅಂಥದೊಂದು ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿದೆ. ನಡುವೆ ಸಂದುಗಳಿದ್ದರೂ ಕಣ್ಣು ಮೂರನ್ನೂ ಕೂಡಿಸಿ ಒಂದಾಗಿಯೇ ಕಾಣುತ್ತದೆ.

ಇದಕ್ಕೆ ಹೇಳಿ ಮಾಡಿಸಿದಂಥ ಸೀಮೆ ದಕ್ಷಿಣ ಸೊಲ್ಲಾಪುರ ತಾಲೂಕಿನ ಭಂಡಾರಕವಠೆ. ಅಲ್ಲಿ ಭೀಮಾ ನದಿಯೇ ರಾಜ್ಯದ ಗಡಿ. ನೀರು ಹರಿಯುವತ್ತ ಮುಖಮಾಡಿ ನಿಂತರೆ ಎಡದಂಡೆ ಮಹಾರಾಷ್ಟ್ರ, ಬಲದಂಡೆ ಕರ್ನಾಟಕದ ವಿಜಯಪುರ ಜಿಲ್ಲೆ. ಎಡದ ಹಲಗೆಗೆ ಒಂದು ದಂಡೆ, ನಡುವಿನದಕ್ಕೆ ನೀರು, ಬಲದ್ದಕ್ಕೆ ಇನ್ನೊಂದು ದಂಡೆ. ಎರಡೂ ಕಡೆ ಅದೇ ಕಪ್ಪು ಮಣ್ಣು, ಜೋಳ, ಕಬ್ಬು. ಎರಡೂ ಕಡೆ ಕನ್ನಡದ ಮಾತು. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಆ ದಂಡೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಭೂಪಟದ ಗೆರೆ ಹೊಳೆಯ ಚಿತ್ರದಲ್ಲಿ ಬೀಳುವುದಿಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ಆರಡಿ ಅಗಲದ ಬೆಂಚಿನ ಮೇಲಣ ಗೋಡೆಗೆ ನಾಲ್ಕಡಿ ಅಗಲದ ಚಿತ್ರ ಸಾಕು. 15 ಇಂಚು ಅಗಲ, 24 ಇಂಚು ಎತ್ತರದ ಮೂರು ಹಲಗೆಗಳ ನಡುವೆ ಒಂದೂವರೆ ಇಂಚಿನಂತೆ ಎರಡು ಸಂದು ಬಿಟ್ಟರೆ ಒಟ್ಟು 48 ಇಂಚಾಗುತ್ತದೆ. ಸಂದಿನಷ್ಟು ಭಾಗವನ್ನು ಚಿತ್ರದಿಂದಲೂ ಕತ್ತರಿಸಿ ಬಿಡಬೇಕು. ಆಗ ಕಿಟಕಿಯ ಸರಳುಗಳ ಹಿಂದಿನಿಂದ ಹೊಳೆ ನೋಡಿದಂತಿರುತ್ತದೆ. ಕತ್ತರಿಸುವ ಕಡೆ ಮರವಾಗಲಿ ಮನುಷ್ಯನಾಗಲಿ ಬರಬಾರದು. ದಿಗಂತದ ಗೆರೆ ಮೂರರಲ್ಲೂ ಒಂದೇ ಮಟ್ಟದಲ್ಲಿರಬೇಕು. ಚಿತ್ರದ ನಡುಮಟ್ಟ ನೆಲದಿಂದ ಐದಡಿಯೊಳಗಿದ್ದರೆ ಕಣ್ಣಿಗೆ ಹಿತ. ನಮ್ಮ ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುವುದರಿಂದ ಹಲಗೆಯ ಹಿಂದೆ ಬಿರಡೆಯ ಚೂರು ಅಂಟಿಸಿ ಗಾಳಿಯಾಡಲು ಬಿಡಬೇಕು.

ಭೀಮೆಯವರೆಗೆ ಹೋಗಲಾಗದವರಿಗೆ ಚಂದ್ರಗಿರಿ ಹೊಳೆ ಹತ್ತಿರವೇ ಇದೆ. ತುಳುನಾಡಿನ ತೆಂಕಣ ಗಡಿಯೆಂದು ಹಿರಿಯರು ಹೇಳುತ್ತಿದ್ದ ಈ ಹೊಳೆಯ ದಕ್ಷಿಣ ದಡದಲ್ಲಿ 17ನೆಯ ಶತಮಾನದ ಕೋಟೆಯಿದೆ. ಅಲ್ಲಿಯೂ ಎರಡು ದಡ, ನಡುವೆ ನೀರು.

ಹೊಳೆಯ ದಡ ಇದ್ದಂತೆಯೇ ಇರುವುದಿಲ್ಲ. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಭಂಡಾರಕವಠೆಯ ಬೇಸಗೆಯ ನೀರು ಮೇಲಿನಿಂದ ಬಿಟ್ಟಷ್ಟೇ. ನೆರೆ ಬಂದರೆ ದಂಡೆಯ ರೂಪವೇ ಬದಲಾಗುತ್ತದೆ. ಇಂದಿನ ಚಿತ್ರ ಇಪ್ಪತ್ತು ವರ್ಷಗಳ ಬಳಿಕ ದಾಖಲೆಯಾದೀತು. ಆದುದರಿಂದ ಹಲಗೆಯ ಕೆಳಗೆ ಊರಿನ ಹೆಸರು, ಹೊಳೆಯ ಹೆಸರು, ತೆಗೆದ ದಿನ ಇವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದಿಡೋಣ. ಅಂಗಡಿಯ ಹಿಮದ ಬೆಟ್ಟವನ್ನು ತೋರಿಸಿ ಇದೆಲ್ಲಿಯದೆಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಈ ಹೊಳೆಯ ಬಗೆಗೆ ಕೇಳಿದರೆ ಅಜ್ಜನಿಗೂ ಅಜ್ಜಿಗೂ ಹೇಳಲು ಬಹಳವಿದೆ.