ಹತ್ತಿಬಟ್ಟೆಗೂ ಲೆಕ್ಕ!

ಆಪರೇಷನ್‌ಗೆ ಹೋದ ಅಜ್ಜಿಯ ಹೆಸರನ್ನು ಮತ್ತೆ ಮತ್ತೆ ಕೇಳುವುದೇಕೆ, ಮಕ್ಕಳೇ?

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ತಪಾಸಣಾ ಪಟ್ಟಿ ಕೊಟ್ಟಿತು. ಅರಿವಳಿಕೆಗೆ ಮೊದಲು ಹೆಸರು, ಆಪರೇಷನ್ ಆಗಬೇಕಾದ ಜಾಗ ಖಚಿತವಾಗಬೇಕು. ಕೊಯ್ಯುವ ಮುನ್ನ, ನಂಜಾಗದಂತೆ ಆ್ಯಂಟಿಬಯಾಟಿಕ್ 60 ನಿಮಿಷದೊಳಗೆ ಕೊಟ್ಟಾಗಿದೆಯೇ ಎಂದು ನೋಡಬೇಕು. ಕೊನೆಗೆ ಸೂಜಿ, ಉಪಕರಣ, ಹತ್ತಿಬಟ್ಟೆ ಎಣಿಸಬೇಕು. ಒಂದೂ ಹೊಟ್ಟೆಯೊಳಗೆ ಉಳಿಯಬಾರದಲ್ಲ! ನಾನಿದ್ದ ಬ್ಯಾಂಕಿನಲ್ಲೂ ನಗದು ತಾಳೆಯಾಗದೆ ಬಾಗಿಲು ಹಾಕುತ್ತಿರಲಿಲ್ಲ.

ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಪಟ್ಟಿ ಬಳಸಿದಾಗ, ಆಪರೇಷನ್ ನಂತರದ ತೊಂದರೆ ಶೇಕಡಾ 11ರಿಂದ 7ಕ್ಕೆ, ಸಾವು 1.5ರಿಂದ 0.8ಕ್ಕೆ ಇಳಿಯಿತು.

ಅಜ್ಜ-ಅಜ್ಜಿಯರೇ, ಎಷ್ಟು ಸಲ ಕೇಳಿದರೂ ಬೇಸರಿಸದೆ ಹೆಸರು ಹೇಳಿ. ಮೊಮ್ಮಕ್ಕಳೇ, ಅವರಿಗೆ ಯಾವ ಔಷಧ ಒಗ್ಗದೆಂದು ಕೇಳಿ, ಚೀಟಿಯಲ್ಲಿ ಬರೆದುಕೊಡಿ. ಪಟ್ಟಿಯಲ್ಲಿ ಆ ಪ್ರಶ್ನೆಯೂ ಇದೆ.