ಕಡಲತೀರ ಮರುಪೂರಣದ ಹಣಕಾಸು

ಕಡಲತೀರ ಮರುಪೂರಣ ಎಂದರೆ ಕೊರೆತದಿಂದ ಸವೆದುಹೋದ ಕಡಲತೀರಕ್ಕೆ ಬೇರೆಡೆಯಿಂದ ಮರಳನ್ನು ತಂದು ತುಂಬಿ, ಅದರ ಅಗಲವನ್ನೂ ಎತ್ತರವನ್ನೂ ಮತ್ತೆ ಹೆಚ್ಚಿಸುವ ಕಾಮಗಾರಿ. ತುಂಬಿದ ಮರಳು ಅಲೆಗಳಿಂದ ಮತ್ತೆ ಸವೆಯುವುದರಿಂದ ಕೆಲವು ವರ್ಷಗಳಿಗೊಮ್ಮೆ ಇದೇ ಕೆಲಸವನ್ನು ಪುನರಾವರ್ತಿಸಬೇಕಾಗುತ್ತದೆ. ಹೀಗಾಗಿ ಇದು ತಂತ್ರಜ್ಞಾನದ ಪ್ರಶ್ನೆಯಾಗಿರುವಷ್ಟೇ ಹಣಕಾಸಿನ ಪ್ರಶ್ನೆಯೂ ಆಗಿದೆ. ವೆಚ್ಚವನ್ನು ಕೇಂದ್ರ ಸರ್ಕಾರ ಭರಿಸಬೇಕೇ, ರಾಜ್ಯ ಭರಿಸಬೇಕೇ, ಊರಿನ ಎಲ್ಲ ತೆರಿಗೆದಾರರು ಭರಿಸಬೇಕೇ ಅಥವಾ ಕಡಲಂಚಿನ ಮನೆಗಳ ಮಾಲೀಕರು ಮಾತ್ರ ಭರಿಸಬೇಕೇ ಎಂಬ ವಿಷಯದಲ್ಲಿ ಅನೇಕ ಕರಾವಳಿ ಊರುಗಳಲ್ಲಿ ದೀರ್ಘಕಾಲದ ಚರ್ಚೆ, ಜನಮತ ಮತ್ತು ನ್ಯಾಯಾಲಯದ ವ್ಯಾಜ್ಯಗಳು ನಡೆದಿವೆ. ಈ ಲೇಖನವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ವ್ಯವಸ್ಥೆಯನ್ನು ವಿವರಿಸುತ್ತದೆ; ನೆದರ್ಲೆಂಡ್ಸ್ ಮತ್ತು ಭಾರತದ ಸ್ಥಿತಿಯನ್ನು ಹೋಲಿಕೆಗಾಗಿ ನೀಡಲಾಗಿದೆ.

## ಹಿನ್ನೆಲೆ

ಕಡಲತೀರವು ಸ್ಥಿರವಾದ ನೆಲವಲ್ಲ. ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ದಡದುದ್ದಕ್ಕೂ ಸಾಗಿಸುತ್ತಿರುತ್ತವೆ. ಒಂದು ಸ್ಥಳದಿಂದ ಹೊರಹೋಗುವ ಮರಳಿನಷ್ಟೇ ಮರಳು ಒಳಬಂದರೆ ತೀರ ಉಳಿಯುತ್ತದೆ. ಒಳಹರಿವು ಕಡಿಮೆಯಾದರೆ ತೀರ ಹಿಂದೆ ಸರಿಯುತ್ತದೆ. ಬಂದರಿನ ಅಲೆತಡೆಗಳು, ಅಳಿವೆಗೆ ಕಟ್ಟಿದ ಗೋಡೆಗಳು ಮತ್ತು ನದಿಗಳಿಗೆ ಕಟ್ಟಿದ ಅಣೆಕಟ್ಟುಗಳು ಮರಳಿನ ಈ ಸಾಗಣೆಯನ್ನು ತಡೆಯುತ್ತವೆ. ಸಮುದ್ರಮಟ್ಟದ ಏರಿಕೆ ಮತ್ತು ಚಂಡಮಾರುತಗಳು ಕೊರೆತವನ್ನು ತೀವ್ರಗೊಳಿಸುತ್ತವೆ.

ಜನವಸತಿಯಿಲ್ಲದ ಕಡೆ ತೀರ ಹಿಂದೆ ಸರಿದರೆ ಅದು ನಿಸರ್ಗದ ಸಹಜ ಬದಲಾವಣೆ ಎನಿಸಿಕೊಳ್ಳುತ್ತದೆ. ಮನೆ, ರಸ್ತೆ, ಕುಡಿಯುವ ನೀರಿನ ಕೊಳವೆ ಇರುವ ಕಡೆ ಅದೇ ಬದಲಾವಣೆ ಆಪತ್ತಾಗುತ್ತದೆ. ಆಗ ಊರಿನ ಮುಂದೆ ಸಾಮಾನ್ಯವಾಗಿ ಮೂರು ಮಾರ್ಗಗಳಿರುತ್ತವೆ: ಕಲ್ಲು ಅಥವಾ ಕಾಂಕ್ರೀಟಿನ ತಡೆಗೋಡೆ ಕಟ್ಟುವುದು, ಮರಳು ತುಂಬುವುದು, ಇಲ್ಲವೇ ಕಟ್ಟಡಗಳನ್ನು ಒಳನಾಡಿಗೆ ಸ್ಥಳಾಂತರಿಸುವುದು. ತಡೆಗೋಡೆಯು ಹಿಂದಿನ ನೆಲವನ್ನು ಕಾಯಬಹುದು. ಆದರೆ ಅದರ ಮುಂದಿನ ಮರಳು ಕ್ರಮೇಣ ಕಣ್ಮರೆಯಾಗುತ್ತದೆ ಮತ್ತು ಪಕ್ಕದ ತೀರದಲ್ಲಿ ಕೊರೆತ ಹೆಚ್ಚಬಹುದು. ಕಡಲತೀರವನ್ನೇ ನಂಬಿ ಬದುಕುವ ಪ್ರವಾಸಿ ಊರುಗಳು ಮರುಪೂರಣವನ್ನು ಆರಿಸಿಕೊಳ್ಳಲು ಇದು ಮುಖ್ಯ ಕಾರಣ.

## ವಿಧಾನ

ಹೂಳೆತ್ತುವ ಹಡಗು ಕಡಲಾಳದ ಗುರುತಿಸಿದ ನಿಕ್ಷೇಪದಿಂದ ಮರಳನ್ನು ಹೀರಿ, ನೀರಿನೊಂದಿಗೆ ಬೆರೆಸಿ, ಕೊಳವೆಯ ಮೂಲಕ ದಡಕ್ಕೆ ಹಾಯಿಸುತ್ತದೆ. ಬುಲ್ಡೋಜರುಗಳು ಅದನ್ನು ನಿಗದಿತ ಇಳಿಜಾರಿಗೆ ಹರಡುತ್ತವೆ. ಹೊಸ ಮರಳಿನ ಕಣದ ಗಾತ್ರವು ಮೂಲ ಮರಳಿನ ಗಾತ್ರಕ್ಕೆ ಹತ್ತಿರವಾಗಿರಬೇಕು. ತೀರಾ ನಯವಾದ ಮರಳು ಬೇಗ ಕೊಚ್ಚಿಹೋಗುತ್ತದೆ. ಕಾಮಗಾರಿ ಮುಗಿದ ಬಳಿಕ ಒಂದಷ್ಟು ಮರಳು ನೀರಿನೊಳಗಿನ ಇಳಿಜಾರಿಗೆ ಜಾರುವುದರಿಂದ ತೀರದ ಅಗಲ ಮೊದಲ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಇದು ಯೋಜನೆಯಲ್ಲಿ ಮೊದಲೇ ಲೆಕ್ಕ ಹಾಕಿರುವ ಬದಲಾವಣೆಯಾದರೂ, ತೆರಿಗೆದಾರರ ಕಣ್ಣಿಗೆ ಹಣ ನೀರುಪಾಲಾದಂತೆ ಕಾಣುವುದರಿಂದ ವಿವಾದಕ್ಕೆ ಎಡೆಮಾಡಿಕೊಡುತ್ತದೆ.

## ಅಮೆರಿಕದಲ್ಲಿ ಹಣಕಾಸಿನ ವ್ಯವಸ್ಥೆ

1922–23ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ನಡೆದ ಕಾಮಗಾರಿಯನ್ನು ದೇಶದ ಮೊದಲ ದೊಡ್ಡ ಮರುಪೂರಣವೆಂದು ಪರಿಗಣಿಸಲಾಗುತ್ತದೆ. 1926ರಲ್ಲಿ ಅಮೆರಿಕನ್ ಶೋರ್ ಅಂಡ್ ಬೀಚ್ ಪ್ರಿಸರ್ವೇಶನ್ ಅಸೋಸಿಯೇಶನ್ ಸ್ಥಾಪನೆಯಾಯಿತು. 1930ರಲ್ಲಿ ಒಕ್ಕೂಟ ಸರ್ಕಾರ ಕಡಲತೀರ ಕೊರೆತದ ಅಧ್ಯಯನಕ್ಕಾಗಿ ಮಂಡಳಿಯೊಂದನ್ನು ರಚಿಸಿತು. ಇಂದು ಒಕ್ಕೂಟದ ಯೋಜನೆಗಳನ್ನು ಸೇನೆಯ ಎಂಜಿನಿಯರುಗಳ ದಳವು ನಿರ್ವಹಿಸುತ್ತದೆ.

### ಒಕ್ಕೂಟದ ಪಾಲು

ಸಾಮಾನ್ಯವಾಗಿ ಆರಂಭಿಕ ಕಾಮಗಾರಿಯ ವೆಚ್ಚದಲ್ಲಿ ಶೇ. 65ರಷ್ಟನ್ನು ಒಕ್ಕೂಟ ಸರ್ಕಾರವೂ ಶೇ. 35ರಷ್ಟನ್ನು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳೂ ಭರಿಸುತ್ತವೆ. ನಂತರದ ಆವರ್ತಕ ಮರುಪೂರಣದಲ್ಲಿ ಒಕ್ಕೂಟದ ಪಾಲನ್ನು 1999ರ ಕಾಯಿದೆಯು ಶೇ. 50ಕ್ಕೆ ಇಳಿಸಿತು. ಯೋಜನೆಯ ಅವಧಿ ಸಾಮಾನ್ಯವಾಗಿ 50 ವರ್ಷ.

ಈ ಹಣಕ್ಕೆ ಷರತ್ತುಗಳಿವೆ. ಯೋಜನೆಯಿಂದ ತಪ್ಪುವ ನಷ್ಟವು ವೆಚ್ಚಕ್ಕಿಂತ ಹೆಚ್ಚೆಂದು ಲೆಕ್ಕದಿಂದ ತೋರಿಸಬೇಕು. ತೀರವು ಸಾರ್ವಜನಿಕರಿಗೆ ಮುಕ್ತವಾಗಿರಬೇಕು. ಸುಮಾರು ಅರ್ಧ ಮೈಲಿಗೊಂದರಂತೆ ಪ್ರವೇಶದಾರಿಗಳೂ ಸಾಕಷ್ಟು ವಾಹನ ನಿಲುಗಡೆ ಸ್ಥಳವೂ ಇರಬೇಕು. ಹೊರಗಿನವರು ಬರಬಾರದೆಂದು ಬಯಸುವ ಖಾಸಗಿ ವಸತಿ ಬಡಾವಣೆಗಳು ಇದರಿಂದಾಗಿಯೇ ಒಕ್ಕೂಟದ ನೆರವಿನಿಂದ ಹೊರಗುಳಿಯುತ್ತವೆ. 1982ರ ಕರಾವಳಿ ತಡೆದ್ವೀಪ ಸಂಪನ್ಮೂಲ ಕಾಯಿದೆಯು ಗುರುತಿಸಿದ ಪ್ರದೇಶಗಳಲ್ಲಿಯೂ ಒಕ್ಕೂಟದ ವೆಚ್ಚಕ್ಕೆ ನಿರ್ಬಂಧವಿದೆ.

ಯೋಜನೆಗೆ ಸಂಸತ್ತಿನ ಮಂಜೂರಾತಿ ದೊರೆಯುವುದು ಒಂದು ಹಂತ, ಅದಕ್ಕೆ ಬಜೆಟ್ಟಿನಲ್ಲಿ ಹಣ ದೊರೆಯುವುದು ಬೇರೊಂದು ಹಂತ. ಮಂಜೂರಾಗಿಯೂ ವರ್ಷಗಟ್ಟಲೆ ಹಣ ಕಾಣದ ಯೋಜನೆಗಳಿವೆ. ಕರಾವಳಿ ಊರುಗಳ ಪ್ರತಿನಿಧಿಗಳು ವಾಷಿಂಗ್ಟನ್ನಿಗೆ ಹೋಗಿ ಒತ್ತಾಯಿಸುವುದು ಬಹುಪಾಲು ಈ ಎರಡನೆಯ ಹಂತಕ್ಕಾಗಿ.

### ಸ್ಥಳೀಯ ಮೂಲಗಳು

ಸ್ಥಳೀಯ ಪಾಲನ್ನು ಹೊಂದಿಸಲು ಬಳಸುವ ಮುಖ್ಯ ಮೂಲಗಳು ಹೀಗಿವೆ:

* ವಸತಿ ತೆರಿಗೆ: ಹೋಟೆಲು ಮತ್ತು ಬಾಡಿಗೆ ಮನೆಗಳಲ್ಲಿ ತಂಗುವ ಪ್ರವಾಸಿಗರಿಂದ ಸಂಗ್ರಹಿಸುವ ತೆರಿಗೆ. ಊರಿನವರ ಮೇಲೆ ನೇರ ಹೊರೆ ಬೀಳದ ಕಾರಣ ಇದಕ್ಕೆ ವಿರೋಧ ಕಡಿಮೆ.
* ವಿಶೇಷ ವಲಯ ತೆರಿಗೆ: ಯೋಜನೆಯ ಲಾಭ ಹೆಚ್ಚಾಗಿ ಸಿಗುವ ಕಡಲಂಚಿನ ಆಸ್ತಿಗಳನ್ನು ಪ್ರತ್ಯೇಕ ವಲಯವಾಗಿ ಗುರುತಿಸಿ ವಿಧಿಸುವ ಹೆಚ್ಚುವರಿ ಆಸ್ತಿ ತೆರಿಗೆ.
* ಸಾಲಪತ್ರ: ಮುಂದಿನ ತೆರಿಗೆ ಆದಾಯವನ್ನು ಆಧಾರವಾಗಿಟ್ಟು ಎತ್ತುವ ಸಾಲ. ಮರಳು ಮುಂದಿನ ಮರುಪೂರಣದವರೆಗೆ ಮಾತ್ರ ಉಳಿಯುವುದರಿಂದ ಇದನ್ನು ಕಡಿಮೆ ಅವಧಿಯಲ್ಲಿ ತೀರಿಸಲಾಗುತ್ತದೆ.
* ಪ್ರವೇಶ ಶುಲ್ಕ: ನ್ಯೂಜೆರ್ಸಿಯ ಅನೇಕ ಊರುಗಳು ಬೇಸಿಗೆಯಲ್ಲಿ ಕಡಲತೀರದ ಬಿಲ್ಲೆಗಳನ್ನು ಮಾರುತ್ತವೆ.
* ಆಸ್ತಿ ವರ್ಗಾವಣೆ ಶುಲ್ಕ: ನ್ಯೂಜೆರ್ಸಿಯ ತೀರ ರಕ್ಷಣಾ ನಿಧಿಗೆ ಇದರಿಂದ ಹಣ ಬರುತ್ತದೆ.
* ವಿಪತ್ತು ಪರಿಹಾರ: ಎಂಜಿನಿಯರಿಂಗ್ ವಿನ್ಯಾಸದಂತೆ ನಿರ್ಮಿಸಿ ನಿಯಮಿತವಾಗಿ ನಿರ್ವಹಿಸಿದ ತೀರವು ಘೋಷಿತ ಚಂಡಮಾರುತದಲ್ಲಿ ಕಳೆದುಕೊಂಡ ಮರಳಿಗೆ ಒಕ್ಕೂಟದ ತುರ್ತು ನಿರ್ವಹಣಾ ಸಂಸ್ಥೆ ಫೀಮಾದಿಂದ ನೆರವು ಪಡೆಯಬಹುದು. ನಿರ್ವಹಣೆಯಿಲ್ಲದ ಸಹಜ ತೀರಕ್ಕೆ ಈ ಸೌಲಭ್ಯವಿಲ್ಲ.

## ನ್ಯಾಗ್ಸ್ ಹೆಡ್: ಒಂದು ಉದಾಹರಣೆ

ನ್ಯಾಗ್ಸ್ ಹೆಡ್ ಉತ್ತರ ಕೆರೊಲಿನಾ ರಾಜ್ಯದ ಡೇರ್ ಕೌಂಟಿಯಲ್ಲಿರುವ, ಔಟರ್ ಬ್ಯಾಂಕ್ಸ್ ಎಂಬ ಕಿರಿದಾದ ತಡೆದ್ವೀಪಗಳ ಮೇಲಿನ ಸಣ್ಣ ಪಟ್ಟಣ. ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದ ಕಿಲ್ ಡೆವಿಲ್ ಹಿಲ್ಸ್ ಇದರ ನೆರೆಯ ಊರು. ಪಟ್ಟಣದ ಆದಾಯ ಬಹುಪಾಲು ಬೇಸಿಗೆಯ ಪ್ರವಾಸಿಗರಿಂದಲೇ ಬರುತ್ತದೆ. ದಕ್ಷಿಣ ಭಾಗದಲ್ಲಿ ಕೊರೆತ ತೀವ್ರವಾಗಿ, ಕಂಬಗಳ ಮೇಲೆ ನಿಂತ ಕೆಲವು ಮನೆಗಳು ಅಲೆಗಳ ನಡುವೆಯೇ ಉಳಿಯುವಂತಾಗಿತ್ತು.

ಡೇರ್ ಕೌಂಟಿಯ ತೀರಗಳ ಮರುಪೂರಣಕ್ಕೆ ಸಂಸತ್ತು 2000ದಲ್ಲಿ ಮಂಜೂರಾತಿ ನೀಡಿತಾದರೂ ಕಾಮಗಾರಿಗೆ ಹಣ ಬರಲಿಲ್ಲ. ಕೌಂಟಿ ಆಡಳಿತವು ಸ್ಥಳೀಯ ಪಾಲಿಗಾಗಿ ಶೇ. 1ರ ಮಾರಾಟ ತೆರಿಗೆಯನ್ನು ವಿಧಿಸಿದಾಗ ನಾಗರಿಕರು ಸಹಿ ಸಂಗ್ರಹಿಸಿ ಜನಮತಕ್ಕೆ ಒತ್ತಾಯಿಸಿದರು. 2006ರ ಜನಮತದಲ್ಲಿ ಮತದಾರರು ಆ ತೆರಿಗೆಯನ್ನು ತಿರಸ್ಕರಿಸಿದರು. ದಿನಸಂಬಳದ ಮೇಲೆ ಬದುಕುವವನೂ ಕೊಳ್ಳುವ ಪ್ರತಿ ವಸ್ತುವಿನ ಮೇಲೆ ತೆರುವ ಹಣದಿಂದ ಕಡಲಂಚಿನ ಬೆಲೆಬಾಳುವ ಮನೆಗಳನ್ನು ಕಾಯುವುದು ನ್ಯಾಯವೇ ಎಂಬುದು ಇಂಥ ತೆರಿಗೆಗಳ ವಿರುದ್ಧ ಕೇಳಿಬರುವ ಮುಖ್ಯ ಆಕ್ಷೇಪ. ಇದಕ್ಕೆ ಪ್ರತಿಯಾದ ವಾದವೂ ಇದೆ: ಕಡಲಂಚಿನ ಮನೆಗಳು ಕೊಡುವ ಆಸ್ತಿ ತೆರಿಗೆಯಿಂದಲೇ ಊರಿನ ಶಾಲೆ, ರಸ್ತೆಗಳು ನಡೆಯುತ್ತವೆ, ತೀರ ಹೋದರೆ ಆ ಹೊರೆ ಉಳಿದವರ ಮೇಲೆ ಬೀಳುತ್ತದೆ. ಕಡಲಂಚಿನ ಮನೆಗಳ ಅನೇಕ ಮಾಲೀಕರು ಬೇರೆ ಊರುಗಳಲ್ಲಿ ವಾಸಿಸುವುದರಿಂದ ಅವರು ತೆರಿಗೆ ಕಟ್ಟಿದರೂ ಸ್ಥಳೀಯ ಮತದಾನದ ಹಕ್ಕನ್ನು ಹೊಂದಿರುವುದಿಲ್ಲ ಎಂಬುದು ಈ ಚರ್ಚೆಯ ಇನ್ನೊಂದು ಮುಖ.

ಕೊನೆಗೆ ನ್ಯಾಗ್ಸ್ ಹೆಡ್ ಪಟ್ಟಣವು ಒಕ್ಕೂಟದ ಹಣಕ್ಕೆ ಕಾಯದೆ ತಾನೇ ಮುಂದಾಯಿತು. ಕೌಂಟಿಯ ವಸತಿ ತೆರಿಗೆಯ ಪಾಲು ಮತ್ತು ಪಟ್ಟಣದ ಆಸ್ತಿ ತೆರಿಗೆಯನ್ನು ಸೇರಿಸಿ ಯೋಜನೆ ರೂಪಿಸಲಾಯಿತು. ಕಡಲ ಬದಿಯ ವಲಯದ ಆಸ್ತಿಗಳಿಗೆ ಉಳಿದವಕ್ಕಿಂತ ಹೆಚ್ಚಿನ ದರ ನಿಗದಿಯಾಯಿತು. 2011ರಲ್ಲಿ ಸುಮಾರು 10 ಮೈಲಿ (16 ಕಿ.ಮೀ.) ಉದ್ದಕ್ಕೆ 46 ಲಕ್ಷ ಘನ ಗಜ ಮರಳನ್ನು ತುಂಬಲಾಯಿತು. ವೆಚ್ಚ ಸುಮಾರು 3.6 ಕೋಟಿ ಡಾಲರ್. ಕಾಮಗಾರಿ ನಡೆಯುತ್ತಿದ್ದ ಆಗಸ್ಟ್ ತಿಂಗಳಲ್ಲೇ ಐರೀನ್ ಚಂಡಮಾರುತ ಉತ್ತರ ಕೆರೊಲಿನಾ ಕರಾವಳಿಗೆ ಅಪ್ಪಳಿಸಿತು.

2016ರ ಮ್ಯಾಥ್ಯೂ ಚಂಡಮಾರುತದ ನಂತರ 2019ರಲ್ಲಿ ಎರಡನೆಯ ಮರುಪೂರಣ ನಡೆದು ಸುಮಾರು 40 ಲಕ್ಷ ಘನ ಗಜ ಮರಳನ್ನು ಹಾಕಲಾಯಿತು. ಮೊದಲ ಕಾಮಗಾರಿಯಿಂದಾಗಿ ತೀರವು 'ನಿರ್ವಹಿಸಿದ ತೀರ' ಎಂಬ ಮಾನ್ಯತೆ ಪಡೆದಿದ್ದ ಕಾರಣ ಈ ಬಾರಿ ವೆಚ್ಚದ ಒಂದು ಭಾಗಕ್ಕೆ ಫೀಮಾದ ನೆರವು ದೊರೆಯಿತು. ನೆರೆಯ ಡಕ್, ಕಿಟಿ ಹಾಕ್ ಮತ್ತು ಕಿಲ್ ಡೆವಿಲ್ ಹಿಲ್ಸ್ ಊರುಗಳು 2017ರಲ್ಲಿ ತಮ್ಮ ತೀರಗಳಿಗೆ ಮರಳು ತುಂಬಿಸಿದವು.

## ಆಸ್ತಿಯ ಹಕ್ಕು ಮತ್ತು ವ್ಯಾಜ್ಯಗಳು

ಕಡಲಂಚಿನ ನಿವಾಸಿಗಳೆಲ್ಲರೂ ಮರುಪೂರಣದ ಪರವಾಗಿರುವುದಿಲ್ಲ. ಫ್ಲೋರಿಡಾದ ಡೆಸ್ಟಿನ್ ನಗರ ಮತ್ತು ವಾಲ್ಟನ್ ಕೌಂಟಿ 6.9 ಮೈಲಿ ಉದ್ದದ ತೀರಕ್ಕೆ ಸುಮಾರು 75 ಅಡಿ ಅಗಲದ ಮರಳನ್ನು ಸೇರಿಸಲು 2003ರಲ್ಲಿ ಅನುಮತಿ ಕೋರಿದವು. ಆ ರಾಜ್ಯದ ಕಾನೂನಿನಂತೆ ಸಾಮಾನ್ಯವಾಗಿ ಸರಾಸರಿ ಭರತದ ರೇಖೆಯವರೆಗಿನ ನೆಲ ಮಾಲೀಕರದು. ಮರುಪೂರಣ ನಡೆದಾಗ ಮಾತ್ರ ಸರ್ಕಾರ ಸ್ಥಿರವಾದ ಗಡಿರೇಖೆಯೊಂದನ್ನು ಹಾಕುತ್ತದೆ. ಅದರಾಚೆ ಹೊಸದಾಗಿ ಉಂಟಾದ ನೆಲ ರಾಜ್ಯಕ್ಕೆ ಸೇರುತ್ತದೆ. ಇದರಿಂದ ತಮ್ಮ ಜಮೀನು ನೀರನ್ನು ಮುಟ್ಟುವ ಹಕ್ಕನ್ನೂ, ಸಹಜವಾಗಿ ಬೆಳೆಯುವ ತೀರದ ಮೇಲಿನ ಹಕ್ಕನ್ನೂ ಪರಿಹಾರವಿಲ್ಲದೆ ಕಸಿದಂತಾಗುತ್ತದೆ ಎಂದು ಕೆಲವು ಮಾಲೀಕರು 'ಸ್ಟಾಪ್ ದ ಬೀಚ್ ರಿನರಿಶ್‌ಮೆಂಟ್' ಎಂಬ ಸಂಘಟನೆಯ ಮೂಲಕ ವಾದಿಸಿದರು. ಫ್ಲೋರಿಡಾದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಯೋಜನೆಯ ಪರವಾಗಿ ತೀರ್ಪಿತ್ತಿತು. 2010ರ ಜೂನ್‌ನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಆಸ್ತಿಯನ್ನು ಕಸಿದುಕೊಂಡಂತಾಗಿಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಿತು. ಪ್ರಧಾನ ತೀರ್ಪನ್ನು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಬರೆದರು.

ನ್ಯೂಜೆರ್ಸಿಯ ಹಾರ್ವೆ ಸೀಡರ್ಸ್ ಪ್ರಕರಣದ ಪ್ರಶ್ನೆ ಬೇರೆ. ಅಲ್ಲಿ ರಕ್ಷಣೆಗಾಗಿ ನಿರ್ಮಿಸಿದ ಮರಳುದಿಬ್ಬ ಒಂದು ಮನೆಯ ಸಮುದ್ರನೋಟವನ್ನು ಮರೆಮಾಡಿತು. ನ್ಯಾಯದರ್ಶಿ ಮಂಡಳಿಯು 3,75,000 ಡಾಲರ್ ಪರಿಹಾರ ನಿಗದಿಪಡಿಸಿತು. ಇದೇ ಪ್ರಮಾಣದ ಪರಿಹಾರವನ್ನು ಸಾಲುಸಾಲು ಮನೆಗಳಿಗೆ ಕೊಡಬೇಕಾದರೆ ದಿಬ್ಬ ಕಟ್ಟುವುದೇ ಅಸಾಧ್ಯವಾಗುತ್ತಿತ್ತು. 2012ರ ಸ್ಯಾಂಡಿ ಚಂಡಮಾರುತದ ನಂತರ, 2013ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿ, ಪರಿಹಾರ ಲೆಕ್ಕ ಹಾಕುವಾಗ ನೋಟದ ನಷ್ಟದೊಂದಿಗೆ ದಿಬ್ಬದಿಂದ ಮನೆಗೆ ದೊರೆತ ರಕ್ಷಣೆಯ ಲಾಭವನ್ನೂ ಪರಿಗಣಿಸಬೇಕೆಂದು ಹೇಳಿತು. ಪ್ರಕರಣ ಬಳಿಕ 1 ಡಾಲರ್ ಪರಿಹಾರದೊಂದಿಗೆ ರಾಜಿಯಲ್ಲಿ ಮುಗಿಯಿತು.

## ಟೀಕೆಗಳು

ಮರುಪೂರಣವು ತಾತ್ಕಾಲಿಕ ಪರಿಹಾರವೆಂದೂ, ಅಪಾಯದ ಸ್ಥಳದಲ್ಲಿ ಮತ್ತಷ್ಟು ಮನೆಗಳನ್ನು ಕಟ್ಟಲು ಪ್ರೋತ್ಸಾಹ ನೀಡುತ್ತದೆಂದೂ ಟೀಕಿಸಲಾಗುತ್ತದೆ. ಸಮುದ್ರಮಟ್ಟ ಏರಿದಂತೆ ಬೇಕಾಗುವ ಮರಳು ಹೆಚ್ಚುತ್ತದೆ. ಆದರೆ ಹತ್ತಿರದ ನಿಕ್ಷೇಪಗಳು ಅಕ್ಷಯವಲ್ಲ. ಹಣವಂತ ಊರುಗಳು ತೀರ ಉಳಿಸಿಕೊಂಡು, ತೆರಿಗೆ ಮೂಲವಿಲ್ಲದ ಬಡ ಊರುಗಳು ಹಿಂದುಳಿಯುವ ಅಸಮಾನತೆಯೂ ಇದೆ. ಹೂಳೆತ್ತುವ ಮತ್ತು ತುಂಬುವ ಎರಡೂ ಸ್ಥಳಗಳಲ್ಲಿ ಮರಳಿನೊಳಗಿನ ಸಣ್ಣ ಜೀವಿಗಳು ನಾಶವಾಗುತ್ತವೆ. ಮರಳು ಗಟ್ಟಿಯಾದರೆ ಕಡಲಾಮೆಗಳಿಗೆ ಗೂಡು ತೋಡುವುದು ಕಷ್ಟ. ಆದ್ದರಿಂದ ಅನೇಕ ಕಡೆ ಅವು ಮೊಟ್ಟೆಯಿಡುವ ತಿಂಗಳುಗಳಲ್ಲಿ ಕಾಮಗಾರಿಯನ್ನು ನಿರ್ಬಂಧಿಸಲಾಗುತ್ತದೆ.

## ನೆದರ್ಲೆಂಡ್ಸ್

ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ವ್ಯಾಪಕ ಭೂಭಾಗವಿರುವ ನೆದರ್ಲೆಂಡ್ಸ್‌ನಲ್ಲಿ ತೀರ ರಕ್ಷಣೆ ರಾಷ್ಟ್ರೀಯ ಹೊಣೆ. 1990ರಲ್ಲಿ ಅಂದಿನ ತೀರರೇಖೆಯನ್ನು ಉಳಿಸಿಕೊಳ್ಳುವ ನೀತಿಯನ್ನು ಸರ್ಕಾರ ಅಂಗೀಕರಿಸಿತು. 2001ರಿಂದ ವರ್ಷಕ್ಕೆ ಸರಾಸರಿ 1.2 ಕೋಟಿ ಘನ ಮೀಟರ್ ಮರಳನ್ನು ತುಂಬಲಾಗುತ್ತಿದೆ. 2011ರಲ್ಲಿ ದಕ್ಷಿಣ ಹಾಲೆಂಡ್ ಪ್ರಾಂತ್ಯದಲ್ಲಿ 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದು, ಅಲೆ ಮತ್ತು ಗಾಳಿಯೇ ಅದನ್ನು ತೀರದುದ್ದಕ್ಕೂ ಹಂಚುವಂತೆ ಮಾಡುವ 'ಮರಳು ಮೋಟಾರು' ಪ್ರಯೋಗ ನಡೆಯಿತು.

## ಭಾರತದಲ್ಲಿ

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ 1990–2018ರ ಅವಧಿಯ ಅಧ್ಯಯನದಂತೆ ದೇಶದ ಮುಖ್ಯಭೂಮಿಯ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಕಾಲುಭಾಗ. ಇಲ್ಲಿ ತೀರ ರಕ್ಷಣೆಯ ಹಣ ಮುಖ್ಯವಾಗಿ ರಾಜ್ಯ ಮತ್ತು ಕೇಂದ್ರ ಸರ್ಕಾರಗಳಿಂದ ಅಥವಾ ಅಂತರರಾಷ್ಟ್ರೀಯ ಸಾಲದಿಂದ ಬರುತ್ತದೆ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ ರೂಪಾಯಿಗಳನ್ನೂ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಗಳನ್ನೂ ಶಿಫಾರಸು ಮಾಡಿತು.

ಪುದುಚೇರಿಯಲ್ಲಿ 1980ರ ದಶಕದ ಬಂದರು ನಿರ್ಮಾಣದ ನಂತರ ಉತ್ತರಕ್ಕೆ ಸಾಗುವ ಮರಳು ತಡೆಯಲ್ಪಟ್ಟು ನಗರದ ತೀರ ಕಾಣೆಯಾಯಿತು. ಪಾಂಡಿಕ್ಯಾನ್ ಎಂಬ ನಾಗರಿಕ ಸಂಘಟನೆ ಈ ಬಗ್ಗೆ ಜಾಗೃತಿ ಮೂಡಿಸಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ 2018ರಲ್ಲಿ ಮುಳುಗುದಿಬ್ಬ ನಿರ್ಮಾಣವಾದ ಮೇಲೆ ಮರಳು ಮತ್ತೆ ಸಂಗ್ರಹವಾಗತೊಡಗಿತು.

ದಕ್ಷಿಣ ಕನ್ನಡ ಜಿಲ್ಲೆಯ ಉಳ್ಳಾಲವು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ದಕ್ಷಿಣದಲ್ಲಿದೆ. ಮೀನುಗಾರ ಕುಟುಂಬಗಳು ದಟ್ಟವಾಗಿ ನೆಲೆಸಿರುವ ಈ ತೀರದಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ಮನೆ, ತೆಂಗಿನ ಮರಗಳು ಬಲಿಯಾಗುತ್ತಿದ್ದುದರಿಂದ ನಿವಾಸಿಗಳು ಶಾಶ್ವತ ಪರಿಹಾರಕ್ಕೆ ಒತ್ತಾಯಿಸುತ್ತ ಬಂದಿದ್ದರು. ಏಷ್ಯಾ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗಾಗಿ ಅನುಮೋದಿಸಿದ ಕರಾವಳಿ ಸಂರಕ್ಷಣಾ ಕಾರ್ಯಕ್ರಮದಡಿ ಇಲ್ಲಿ ಕಡಲೊಳಗಿನ ದಿಬ್ಬಗಳು ಮತ್ತು ದಡದ ಬಳಿಯ ಕಲ್ಲಿನ ರಚನೆಗಳು ನಿರ್ಮಾಣವಾದವು. 2017ರಲ್ಲಿ ಕರ್ನಾಟಕದ ಕರಾವಳಿಗಾಗಿ 6.55 ಕೋಟಿ ಡಾಲರ್‌ನ ಎರಡನೆಯ ಕಂತಿನ ಸಾಲಕ್ಕೆ ಒಪ್ಪಂದವಾಯಿತು.

ಅಮೆರಿಕದ ಊರುಗಳಲ್ಲಿ ನಿವಾಸಿಗಳು ತಾವು ತೆರುವ ತೆರಿಗೆಯ ಮೂಲಕವೇ ಯೋಜನೆಯ ಗಾತ್ರವನ್ನೂ ಕಾಲವನ್ನೂ ನಿರ್ಧರಿಸುತ್ತಾರೆ. ಭಾರತದಲ್ಲಿ ನಿವಾಸಿಗಳ ಮೇಲೆ ಪ್ರತ್ಯೇಕ ತೆರಿಗೆಯ ಹೊರೆಯಿಲ್ಲ. ಅದೇ ಕಾರಣದಿಂದ ಹಣ ಯಾವಾಗ, ಎಲ್ಲಿ, ಕಲ್ಲಿಗೋ ಮರಳಿಗೋ ವಿನಿಯೋಗವಾಗಬೇಕು ಎಂಬ ನಿರ್ಧಾರವೂ ಬಹುಮಟ್ಟಿಗೆ ಅವರ ಕೈಯಲ್ಲಿಲ್ಲ. ಮನವಿ, ಪ್ರತಿಭಟನೆ ಮತ್ತು ಹಸಿರು ನ್ಯಾಯಮಂಡಳಿಗೆ ದೂರು ಸಲ್ಲಿಕೆ ಇಲ್ಲಿನ ಮುಖ್ಯ ಮಾರ್ಗಗಳಾಗಿವೆ.

## ಇವನ್ನೂ ನೋಡಿ

* ಕಡಲ್ಕೊರೆತ
* ಕರಾವಳಿ ನಿಯಂತ್ರಣ ವಲಯ
* ಉಳ್ಳಾಲ
* ಔಟರ್ ಬ್ಯಾಂಕ್ಸ್